ಓಡಿದಷ್ಟು ದೂರಕ್ಕೆ ರಸ್ತೆ ತೆರಿಗೆ: ಆಕ್ಲೆಂಡ್‌ನಿಂದ ಮಂಡ್ಯದವರೆಗೆ ಓದುಗರ ಪ್ರಶ್ನೆಗಳು

ಪ್ರಶ್ನೆ (ಆಕ್ಲೆಂಡ್, ನ್ಯೂಜಿಲೆಂಡ್): ಹಳೆಯ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡೆ. ಗಾಜಿಗೆ ಅಂಟಿಸಿದ ರಸ್ತೆ ಬಳಕೆ ಶುಲ್ಕದ ಚೀಟಿಯಲ್ಲಿರುವ ಕೊನೆಯ ಅಂಕಿಗಿಂತ ಓಡೋಮೀಟರ್ 2,300 ಕಿ.ಮೀ. ಮುಂದಿದೆ. ಅಷ್ಟು ದೂರ ನಾನು ಓಡಿಸಿಯೇ ಇಲ್ಲ. ಈಗ ಏನು ಮಾಡಬೇಕು?

ಓಡಿಸುವ ದೂರಕ್ಕೆ ಮುಂಗಡವಾಗಿ ಹಣ ಕಟ್ಟಿ ಕೊಳ್ಳುವ ಈ ಚೀಟಿಯೇ ಲೈಸೆನ್ಸ್. ಅದು ಇರುವುದು ಗಾಡಿಯ ಹೆಸರಿನಲ್ಲಿ, ಮಾಲೀಕರ ಹೆಸರಿನಲ್ಲಲ್ಲ. ನೀವು ಹೊಸದನ್ನು ಕೊಂಡರೆ ಅದು ಇವತ್ತಿನ ಓಡೋಮೀಟರ್ ಅಂಕಿಯಿಂದ ಶುರುವಾಗುವುದಿಲ್ಲ, ಹಳೆಯ ಚೀಟಿ ಮುಗಿದ ಕಡೆಯಿಂದ ಮುಂದುವರಿಯುತ್ತದೆ. ಆದ್ದರಿಂದಲೇ ಹಿಂದಿನವರ ಬಾಕಿ ನಿಮ್ಮ ತಲೆಗೆ ಬಂದಿದೆ.

ಲೆಕ್ಕ ಹೀಗಿದೆ. 3.5 ಟನ್ ಒಳಗಿನ ಎಲೆಕ್ಟ್ರಿಕ್ ಕಾರಿಗೆ 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರ ಪ್ರತಿ 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್, ಜಿಎಸ್‌ಟಿ ಸೇರಿ. ಸಾವಿರಕ್ಕಿಂತ ಕಡಿಮೆ ಕೊಳ್ಳಲು ಬರುವುದಿಲ್ಲ. ನಿಮ್ಮ 2,300 ತುಂಬಲು ಕನಿಷ್ಠ 3 ಸಾವಿರ ಬೇಕು, ಅಂದರೆ 228 ಡಾಲರ್. ಆದರೆ ಆಗ ಕೈಯಲ್ಲಿ ಉಳಿಯುವುದು ಬರೀ 700 ಕಿ.ಮೀ. ಪ್ರತಿ ಖರೀದಿಗೂ ಬೇರೆಯಾಗಿ ಆಡಳಿತ ಶುಲ್ಕ ಬೀಳುವುದರಿಂದ ಒಂದೇ ಸಲಕ್ಕೆ 5 ಸಾವಿರ ಕೊಳ್ಳುವುದು ಮೇಲು. ಸಾವಿರ ಸಾವಿರವಾಗಿ ಕೊಳ್ಳುವವರು ವರ್ಷಕ್ಕೆ ಹತ್ತಾರು ಸಲ ಆ ಶುಲ್ಕ ಕಟ್ಟುತ್ತಾರೆ. ನಮ್ಮ ಮಟ್ಟಿಗೆ ಈ ವ್ಯವಸ್ಥೆಯಲ್ಲಿ ಸುಮ್ಮನೆ ಪೋಲಾಗುವ ಹಣ ಇದೇ.

ಹೊಸ ಚೀಟಿ ಕೊಳ್ಳುವ ಮೊದಲು ಕಾರು ಮಾರಾಟದ ದಿನದ ಓಡೋಮೀಟರ್ ಫೋಟೋ, ಮಾಲೀಕತ್ವ ಬದಲಾದ ದಿನಾಂಕ, ಚೀಟಿಯ ಫೋಟೋ ಈ ಮೂರನ್ನೂ ಎತ್ತಿಟ್ಟುಕೊಳ್ಳಿ. ಡೀಲರ್ ಮಾರಿದ್ದರೆ ಗಾಡಿಯ ಜೊತೆ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರದಲ್ಲಿ ಬಾಕಿಯ ವಿಷಯ ಇರಬೇಕಿತ್ತು. ಅದನ್ನು ತೋರಿಸಿ ಕೇಳಿ, ಒಪ್ಪದಿದ್ದರೆ ಸಣ್ಣ ವ್ಯಾಜ್ಯಗಳನ್ನು ತೀರಿಸುವ ಡಿಸ್ಪ್ಯೂಟ್ಸ್ ಟ್ರಿಬ್ಯೂನಲ್‌ಗೆ ಹೋಗಬಹುದು. ಖಾಸಗಿಯವರಿಂದ ಕೊಂಡಿದ್ದರೆ ಸಾರಿಗೆ ಸಂಸ್ಥೆಗೆ ಈ ದಾಖಲೆಗಳನ್ನು ಕೊಟ್ಟು ವಿಚಾರಿಸಿ. ಬಾಕಿಯನ್ನು ಬಚ್ಚಿಡುವ ಯೋಚನೆ ಬೇಡ: ಗಾಡಿಯ ತಪಾಸಣೆಗೆ ಹೋದಾಗಲೆಲ್ಲ ಓಡೋಮೀಟರ್ ಅಂಕಿ ದಾಖಲಾಗುತ್ತದೆ.

ಇನ್ನು ಈ ಚೀಟಿ ಎಲೆಕ್ಟ್ರಿಕ್ ಕಾರಿಗಾಗಿ ಹುಟ್ಟಿದ್ದಲ್ಲ. ಅಲ್ಲಿ ಡೀಸೆಲ್‌ನ ದೊಡ್ಡ ಪಾಲು ಟ್ರ್ಯಾಕ್ಟರ್, ದೋಣಿ, ಯಂತ್ರಗಳಿಗೆ ಹೋಗುತ್ತದೆ. ಬಂಕಿನಲ್ಲೇ ರಸ್ತೆ ತೆರಿಗೆ ಹಾಕಿದರೆ ರಸ್ತೆಗೇ ಇಳಿಯದ ರೈತನಿಂದ ವಸೂಲಿ ಮಾಡಿ ಮತ್ತೆ ವಾಪಸ್ ಕೊಡಬೇಕು. ಅದಕ್ಕೆ ಡೀಸೆಲ್ ಗಾಡಿಗಳಿಗೆ 1970ರ ದಶಕದ ಕೊನೆಯಲ್ಲೇ ದೂರದ ಲೆಕ್ಕ ತಂದರು. ಎಲೆಕ್ಟ್ರಿಕ್ ಕಾರಿನ ವಿನಾಯಿತಿ 2024ರ ಮಾರ್ಚ್ 31ಕ್ಕೆ ಮುಗಿದಾಗ ದೂರ ಅಳೆಯಲು ಉಪಗ್ರಹವೂ ಬೇಕಾಗಲಿಲ್ಲ, ಕಾರಿನೊಳಗೆ ಹೊಸ ಪೆಟ್ಟಿಗೆಯೂ ಬೇಕಾಗಲಿಲ್ಲ. ಇದ್ದ ಪುಸ್ತಕದಲ್ಲೇ ಹೊಸ ಸಾಲು ಬರೆದರು.

ಒಂದು ಅಸಮಾನತೆ ಮಾತ್ರ ಉಳಿದಿದೆ. ಪೆಟ್ರೋಲ್ ಮೇಲಿನ ಸುಂಕ ಲೀಟರಿಗೆ ಸುಮಾರು 70 ಸೆಂಟ್, ಅದರ ಮೇಲೆ ಜಿಎಸ್‌ಟಿ. 100 ಕಿ.ಮೀ.ಗೆ 9 ಲೀಟರ್ ಕುಡಿಯುವ ಕಾರು 1,000 ಕಿ.ಮೀ.ಗೆ ಸುಮಾರು 72 ಡಾಲರ್ ಕಟ್ಟಿದಂತಾಯಿತು. ಅದರ ಅರ್ಧ ಕುಡಿಯುವ ಹೈಬ್ರಿಡ್ 36 ಡಾಲರ್ ಕಟ್ಟುತ್ತದೆ. ಇಬ್ಬರೂ ಓಡುವುದು ಒಂದೇ ರಸ್ತೆಯಲ್ಲಿ. ಚಾರ್ಜ್ ಮಾಡಿಯೂ ಪೆಟ್ರೋಲ್ ಹಾಕಿಯೂ ಓಡಿಸುವ ಪ್ಲಗ್-ಇನ್ ಹೈಬ್ರಿಡ್‌ನವರು ಪೆಟ್ರೋಲ್ ಸುಂಕವನ್ನೂ ಕಟ್ಟುವುದರಿಂದ ಅವರ ದರವನ್ನು 38 ಡಾಲರ್‌ಗೆ ಇಳಿಸಿದ್ದಾರೆ.

ಪ್ರಶ್ನೆ (ಶಿವಮೊಗ್ಗ): ಬ್ಯಾಟರಿ ಭಾರದಿಂದ ಎಲೆಕ್ಟ್ರಿಕ್ ಕಾರು ರಸ್ತೆಯನ್ನು ಬೇಗ ಕೆಡಿಸುತ್ತದೆ, ಅದಕ್ಕೇ ಕಿಲೋಮೀಟರ್ ತೆರಿಗೆ ಬೇಕು ಎನ್ನುತ್ತಾರೆ. ನಿಜವೇ?

ತೆರಿಗೆ ಬೇಕು, ಆದರೆ ಕಾರಣ ಅದಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಹೊರಬಂದ ನಿಯಮ ಇಂದಿಗೂ ಎಂಜಿನಿಯರುಗಳ ಕೈಯಲ್ಲಿದೆ: ರಸ್ತೆಗೆ ಆಗುವ ಪೆಟ್ಟು ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು, ಅಂದರೆ ಭಾರ ಎರಡು ಪಟ್ಟಾದರೆ ಪೆಟ್ಟು 16 ಪಟ್ಟು. 1,600 ಕೆ.ಜಿ. ಕಾರಿನ ಒಂದು ಆಕ್ಸಲ್ ಮೇಲೆ 800 ಕೆ.ಜಿ. ಎಂದಿಟ್ಟುಕೊಳ್ಳಿ. ಬ್ಯಾಟರಿ ಸೇರಿ ಕಾರು 2,000 ಕೆ.ಜಿ. ಆದರೆ ಆಕ್ಸಲ್‌ಗೆ 1,000 ಕೆ.ಜಿ., ಪೆಟ್ಟು ಸುಮಾರು 2.4 ಪಟ್ಟು. ಕೇಳಲು ಹೆಚ್ಚೆನಿಸುತ್ತದೆ. ಆದರೆ 8 ಟನ್ ಹೊತ್ತ ಲಾರಿ ಆಕ್ಸಲ್ ಒಮ್ಮೆ ಹಾದರೆ ಆಗುವ ಪೆಟ್ಟು ಆ ಎಲೆಕ್ಟ್ರಿಕ್ ಕಾರಿನ ಆಕ್ಸಲ್‌ಗಿಂತ 4,096 ಪಟ್ಟು. ಕಾರು ಯಾವುದೇ ಆಗಿರಲಿ, ಲಾರಿಯ ಮುಂದೆ ಅದರ ಪೆಟ್ಟು ಲೆಕ್ಕಕ್ಕಿಲ್ಲ.

ನಮ್ಮಲ್ಲಿ 2018ರಲ್ಲಿ ನಾಲ್ಕು ಚಕ್ರಗಳಿರುವ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಭಾರ ಹೆಚ್ಚಿದ್ದು ನೂರಕ್ಕೆ 13ರಷ್ಟು, ಇದೇ ನಿಯಮ ಹಿಡಿದರೆ ಪೆಟ್ಟು ಹೆಚ್ಚಿದ್ದು ನೂರಕ್ಕೆ 60ರಷ್ಟು. ತೆಳ್ಳಗೆ ಡಾಂಬರು ಹಾಕಿದ ಮಲೆನಾಡಿನ ರಸ್ತೆಗೆ ಇದು ಸಣ್ಣ ಮಾತಲ್ಲ: ಭಾರಕ್ಕೆ ಬಿರುಕು ಬಿಡುತ್ತದೆ, ಬಿರುಕಿನೊಳಗೆ ಮಳೆನೀರು ಇಳಿದು ಬುಡ ಮೆತ್ತಗಾಗುತ್ತದೆ, ಮುಂದಿನ ಲಾರಿಗೆ ಗುಂಡಿ ಬೀಳುತ್ತದೆ.

ಹಾಗಾಗಿ ದೂರದ ತೆರಿಗೆ ನ್ಯಾಯವಾಗಬೇಕಾದರೆ ಅದರಲ್ಲಿ ತೂಕವೂ ಇರಬೇಕು. ನ್ಯೂಜಿಲೆಂಡ್‌ನಲ್ಲಿ ದೊಡ್ಡ ಲಾರಿಗಳು ಚಕ್ರಕ್ಕೆ ಹಾಕಿದ ಮೀಟರಿನ ಪ್ರಕಾರ, ಆಕ್ಸಲ್ ಸಂಖ್ಯೆ ಮತ್ತು ತೂಕಕ್ಕೆ ತಕ್ಕ ದರ ಕಟ್ಟುತ್ತವೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 26,000 ಪೌಂಡ್ ಮೀರಿದ, ಅಂದರೆ ಸುಮಾರು 11.8 ಟನ್ ಮೀರಿದ ಲಾರಿಗೆ ತೂಕ-ಮೈಲಿ ತೆರಿಗೆ ಇದೆ. ಎಲೆಕ್ಟ್ರಿಕ್ ಕಾರಿನಿಂದ ತೆರಿಗೆ ಕೇಳಲು ಕಾರಣ ಸರಳ: ರಸ್ತೆಯ ಹಣ ಬರುವುದು ಇಂಧನದಿಂದ, ಅವರು ಇಂಧನ ಕೊಳ್ಳುವುದಿಲ್ಲ.

ಪ್ರಶ್ನೆ (ಹಿಲ್ಸ್‌ಬರೊ, ಆರೆಗಾನ್): ಓಡಿದ ಮೈಲಿಗೆ ತಕ್ಕಂತೆ ರಸ್ತೆ ಶುಲ್ಕ ಕಟ್ಟುವ ಓರೆಗೋ ಯೋಜನೆಗೆ ಸೇರಿದರೆ ಲಾಭವೇ? ಕಾರು ಹೋದಲ್ಲೆಲ್ಲ ಸರ್ಕಾರ ನೋಡುತ್ತದೆಂಬ ಭಯವೂ ಇದೆ.

ಅಮೆರಿಕದಲ್ಲಿ ಪೆಟ್ರೋಲ್ ಮೇಲೆ ಮೊದಲು ತೆರಿಗೆ ಹಾಕಿದ ರಾಜ್ಯ ನಿಮ್ಮದು, 1919ರಲ್ಲಿ. ಅದಕ್ಕೆ ಬದಲಿ ಹುಡುಕಿ 2015ರ ಜುಲೈ 1ರಂದು ಓರೆಗೋ ಶುರು ಮಾಡಿದ್ದೂ ಇದೇ ರಾಜ್ಯ.

ಮೈಲಿಯ ದರ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆಯ ನೂರಕ್ಕೆ 5. 2024ರಲ್ಲಿ ಗ್ಯಾಲನ್‌ಗೆ 40 ಸೆಂಟ್ ಇದ್ದಾಗ ಮೈಲಿಗೆ 2 ಸೆಂಟ್. ಪೆಟ್ರೋಲ್ ಕಾರಿನವರಿಗೆ ಬಂಕಿನಲ್ಲಿ ಕಟ್ಟಿದ್ದನ್ನು ವಜಾ ಮಾಡುತ್ತಾರೆ, ಆದ್ದರಿಂದ ಗ್ಯಾಲನ್‌ಗೆ 20 ಮೈಲಿ ಕೊಡುವ ಕಾರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎಲೆಕ್ಟ್ರಿಕ್‌ನವರ ಲೆಕ್ಕ ಬೇರೆ. 2024ರ ಪಟ್ಟಿಯಂತೆ ಎರಡು ವರ್ಷದ ನೋಂದಣಿ 316 ಡಾಲರ್, ಯೋಜನೆಗೆ ಸೇರಿದರೆ 86. ಉಳಿತಾಯ ವರ್ಷಕ್ಕೆ 115 ಡಾಲರ್. ಅದನ್ನು 2 ಸೆಂಟ್‌ನಿಂದ ಭಾಗಿಸಿದರೆ 5,750 ಮೈಲಿ. ವರ್ಷಕ್ಕೆ ಅದಕ್ಕಿಂತ ಕಡಿಮೆ ಓಡಿಸುವ ಎರಡನೇ ಕಾರಿಗೆ ಸೇರಿ, ದಿನವೂ ಕಚೇರಿಗೆ ಹೋಗುವ ಕಾರಿಗೆ ಬೇಡ. ನೀವು ನೋಂದಾಯಿಸುವ ದಿನದ ದರ ಹಾಕಿ ಇದೇ ಭಾಗಾಕಾರ ಮಾಡಿ.

ಭಯದ ವಿಷಯಕ್ಕೆ: ಜಿಪಿಎಸ್ ಇಲ್ಲದ ಆಯ್ಕೆಯೂ ಇದೆ. ಆದರೆ ಆಗ ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಓಡಿದ ಮೈಲಿಯೂ ಬಿಲ್ಲಿಗೆ ಸೇರುತ್ತದೆ. ಜಿಪಿಎಸ್ ಆರಿಸಿದರೆ ಪಾವತಿ ಮುಗಿದ 30 ದಿನದೊಳಗೆ ನೀವು ಓಡಾಡಿದ ಜಾಗಗಳ ಮಾಹಿತಿಯನ್ನು ಅಳಿಸಬೇಕೆಂದು ಕಾನೂನಿದೆ. ಹವಾಯಿ ಈ ಗೊಡವೆಯನ್ನೇ ಬಿಟ್ಟು ವರ್ಷದ ತಪಾಸಣೆಯ ಓಡೋಮೀಟರ್ ಅಂಕಿಯನ್ನೇ ಹಿಡಿಯಿತು: 1,000 ಮೈಲಿಗೆ 8 ಡಾಲರ್, ವರ್ಷಕ್ಕೆ 50 ಮೀರುವಂತಿಲ್ಲ. ನಮಗೆ ಹೆಚ್ಚು ಹಿಡಿಸಿದ್ದು ಈ ದಾರಿ.

ಪ್ರಶ್ನೆ (ಮೆಲ್ಬರ್ನ್): ವಿಕ್ಟೋರಿಯಾದಲ್ಲಿ ಈ ತೆರಿಗೆ ಯಾಕೆ ನಿಂತಿತು?

ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಎಕ್ಸೈಸ್, ಅಂದರೆ ಸರಕಿನ ಮೇಲಿನ ಸುಂಕ, ಹಾಕುವ ಅಧಿಕಾರ ಒಕ್ಕೂಟ ಸರ್ಕಾರಕ್ಕೆ ಮಾತ್ರ. ರಾಜ್ಯದ ಕಿಲೋಮೀಟರ್ ಶುಲ್ಕವೂ ಎಕ್ಸೈಸೇ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2023ರ ಅಕ್ಟೋಬರ್ 18ರಂದು 4-3 ಬಹುಮತದಲ್ಲಿ ತೀರ್ಪು ಕೊಟ್ಟಿತು. ದೂರದ ಲೆಕ್ಕ ತಪ್ಪೆಂದು ಅದು ಹೇಳಲಿಲ್ಲ, ರಾಜ್ಯ ಹಾಕುವಂತಿಲ್ಲ ಎಂದಿತು.

ಪ್ರಶ್ನೆ (ಮಂಡ್ಯ): ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಉಪಗ್ರಹದಿಂದ ದೂರ ಅಳೆದು ಹಾಕುವ ಟೋಲ್ ಬಂದರೆ ಇದೂ ಅದೇ ತೆರಿಗೆಯೇ? ಈಗ ವಾರ್ಷಿಕ ಪಾಸ್ ತೆಗೆದುಕೊಳ್ಳಲೇ?

ಅದೇ ಅಲ್ಲ. ಮೇಲಿನ ದೇಶಗಳಲ್ಲಿ ದೂರದ ತೆರಿಗೆ ಇಂಧನ ತೆರಿಗೆಯ ಬದಲಿಗೆ ಬರುತ್ತದೆ. ನಿಮ್ಮಲ್ಲಿ ಪೆಟ್ರೋಲ್ ಹಾಕಿಸುವಾಗ ರಸ್ತೆ ಸೆಸ್ ಕಟ್ಟಿ, ಅದೇ ಕಾರಿಗೆ ಮತ್ತೆ ಟೋಲ್ ಕಟ್ಟುತ್ತೀರಿ. ಟೋಲ್ ಆ ಒಂದು ರಸ್ತೆಯ ಶುಲ್ಕ. 2008ರ ನಿಯಮದಲ್ಲಿ ಕಾರಿಗೆ ಕಿ.ಮೀ.ಗೆ 65 ಪೈಸೆ ಮೂಲ ದರವಿತ್ತು, ಪ್ರತಿ ವರ್ಷ ಅದರ ಮೇಲೆ ಏರುತ್ತದೆ. ಆದರೆ ಗೇಟು ದಾಟಿದವರೆಲ್ಲ ಆ ಗೇಟಿಗೆ ಸೇರಿದ ಪೂರ್ತಿ ದೂರದ ಹಣ ಕಟ್ಟಬೇಕು, ಹತ್ತೇ ಕಿ.ಮೀ. ಓಡಿದ್ದರೂ ಸರಿ. ಇದು ಸರಿಹೋಗಬೇಕು. 2024ರ ಸೆಪ್ಟೆಂಬರ್ ತಿದ್ದುಪಡಿ ಉಪಗ್ರಹ ಸಾಧನವಿರುವ ಗಾಡಿಗೆ ದಿನಕ್ಕೆ ಒಂದು ದಿಕ್ಕಿನಲ್ಲಿ 20 ಕಿ.ಮೀ.ವರೆಗೆ ಉಚಿತ ಎಂದಿತು, ಪ್ರಯೋಗಕ್ಕೆ ಆರಿಸಿದ ರಸ್ತೆಗಳಲ್ಲಿ ನಿಮ್ಮ ಹೆದ್ದಾರಿಯೂ ಒಂದು. ದೇಶಾದ್ಯಂತ ಜಾರಿಗೆ ತರುವ ತೀರ್ಮಾನವಾಗಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಸಚಿವಾಲಯ ತಿಳಿಸಿತು.

ಪಾಸ್ 2025ರ ಆಗಸ್ಟ್ 15ರಂದು ಬಂದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಇಲ್ಲಿ ಟ್ರಿಪ್ ಎಂದರೆ ಗೇಟು ದಾಟಿದ ಲೆಕ್ಕ, ಊರಿಂದ ಊರಿಗೆ ಅಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಎರಡು, ಬರುವಾಗ ಎರಡು ಗೇಟು ದಾಟಿದರೆ 200 ಮುಗಿಯುವುದು 50 ಸಲ ಹೋಗಿಬಂದಾಗ. ಮಂಡ್ಯದಿಂದ ಬೆಂಗಳೂರಿಗೆ ಮಾತ್ರ ಓಡಾಡುವ ನಿಮಗೆ ಒಂದು ಬದಿಗೆ ಒಂದೇ ಗೇಟು, ಆದ್ದರಿಂದ 100 ಸಲ. ಗೇಟಿಗೆ 15 ರೂಪಾಯಿ ಬಿದ್ದಂತಾಯಿತು. ಪಾಸ್ ತೆಗೆದುಕೊಳ್ಳಿ. ಹಳದಿ ಬೋರ್ಡಿನ ಗಾಡಿಗೆ ಮಾತ್ರ ಅದು ಸಿಗುವುದಿಲ್ಲ, ನೈಸ್ ರಸ್ತೆಯಲ್ಲಿ ನಡೆಯುವುದೂ ಇಲ್ಲ.