ರೀಡಿಂಗ್ ಹೊಂದದಿದ್ದರೆ ಕಣ್ಣನ್ನು ಬೈಯಬೇಡಿ

ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ, ಅಂದರೆ ಫ್ಲಾಸ್ಕಿನ ಆಕ್ಸಾಲಿಕ್ ಆಮ್ಲಕ್ಕೆ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತೆಂದು ಅಳೆಯುವ ಪ್ರಯೋಗದಲ್ಲಿ, ರೀಡಿಂಗ್‌ಗಳು ಅರ್ಧ ಮಿ.ಲೀ.ವರೆಗೂ ಹೆಚ್ಚು ಕಡಿಮೆಯಾಗುತ್ತಿವೆ, ವರ್ತನೆ ಮುಗಿದದ್ದನ್ನು ತೋರಿಸುವ ಅಂತ್ಯಬಿಂದುವಿನ ಗುಲಾಬಿ ಬಣ್ಣಕ್ಕೆ ಕಣ್ಣನ್ನು ಪಳಗಿಸುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಪರ್ಮಾಂಗನೇಟ್ ತುಂಬಿ ಹನಿ ಬಿಡುವ ಅಳತೆಗೀಟಿನ ಗಾಜಿನ ಕೊಳವೆಯಾದ ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಮಿ.ಲೀ. ಅರ್ಧ ಮಿ.ಲೀ. ತಪ್ಪಬೇಕಾದರೆ ಹತ್ತು ಹನಿ ಮೀರಬೇಕು. ಅಷ್ಟರಲ್ಲಿ ಫ್ಲಾಸ್ಕಿನಲ್ಲಿರುವುದು ನೇರಳೆ ಹಣ್ಣಿನ ರಸದಂತಾಗಿರುತ್ತದೆ. ಅದು ಯಾರಿಗೆ ತಾನೇ ಕಾಣುವುದಿಲ್ಲ?

ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ನಾನೂ ಕಣ್ಣನ್ನೇ ದೂರುತ್ತಿದ್ದೆ. ಆಷಾಢದ ಮಳೆ ಹಿಡಿದರೆ ಲ್ಯಾಬಿನಲ್ಲಿ ತೊಳೆದಿಟ್ಟ ಗಾಜು ಸಂಜೆಯಾದರೂ ಒಣಗುತ್ತಿರಲಿಲ್ಲ. ಫ್ಲಾಸ್ಕ್ ಒದ್ದೆಯಿದ್ದರೆ ಉತ್ತರ ಕೆಡುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಬ್ಯೂರೆಟ್ ಮತ್ತು ದ್ರಾವಣವನ್ನು ಅಳೆದು ಬಿಡುವ ಪಿಪೆಟ್‌ಗಳನ್ನು ಅವುಗಳಿಗೆ ತುಂಬುವ ದ್ರಾವಣದಿಂದಲೇ ಜಾಲಿಸಬೇಕು ಎನ್ನುವುದು ನಿಯಮ. ಆ ಜಾಣತನವನ್ನು ಕೋನಿಕಲ್ ಫ್ಲಾಸ್ಕಿಗೂ ತೋರಿಸಿದೆ. ಆಕ್ಸಾಲಿಕ್ ಆಮ್ಲ ಹಾಕಿ ಕುಲುಕಿ, ಚೆಲ್ಲಿ, ಆಮೇಲೆ ಪಿಪೆಟ್‌ನಿಂದ 10 ಮಿ.ಲೀ. ಬಿಡುತ್ತಿದ್ದೆ.

ಎಷ್ಟೇ ಕೊಡವಿದರೂ ಫ್ಲಾಸ್ಕಿನ ಗೋಡೆಗೆ, ತಳಕ್ಕೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ರೆಕಾರ್ಡಿನಲ್ಲಿ ಹತ್ತು ಎಂದು ಬರೆಯುತ್ತೇನೆ, ಒಳಗಿರುವುದು ಹತ್ತೂಕಾಲೋ ಹತ್ತೂವರೆಯೋ. ಪ್ರತಿ ಸಲ ಉಳಿಯುವ ಪ್ರಮಾಣ ಬೇರೆಯಾದ್ದರಿಂದ ರೀಡಿಂಗ್ ಕುಣಿಯುತ್ತದೆ. ಅದರ ಬದಲು ಬಟ್ಟಿ ಇಳಿಸಿದ ನೀರು ಒಂದೆರಡು ಮಿ.ಲೀ. ಉಳಿದಿದ್ದರೆ ಏನೂ ಕೆಡುವುದಿಲ್ಲ. ಪರ್ಮಾಂಗನೇಟ್ ಜೊತೆ ವರ್ತಿಸುವುದು ಆಮ್ಲ. ಅದರ ಲೆಕ್ಕ ಪಿಪೆಟ್‌ನಲ್ಲೇ ಮುಗಿದಿರುತ್ತದೆ. ನೀರು ಸೇರಿದರೆ ದ್ರಾವಣ ತೆಳುವಾಗುತ್ತದೆಯೇ ಹೊರತು ಆಮ್ಲದ ಒಂದು ಅಣುವೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಬ್ಯೂರೆಟ್‌ನಲ್ಲಿ ನೀರು ಉಳಿದರೆ ಮಾತ್ರ ಪರ್ಮಾಂಗನೇಟ್ ತೆಳುವಾಗಿ ರೀಡಿಂಗ್ ಏರುತ್ತದೆ. ನಾನು ಹೆದರಬೇಕಾದ ಕಡೆ ಹೆದರದೆ, ಬೇಡದ ಕಡೆ ಹೆದರಿದ್ದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಂದದ ರೀಡಿಂಗ್‌ಗಳ ಸರಾಸರಿ ಬರೆದು ಅಂಕ ಕಳೆದುಕೊಂಡೆ. ಮುಂದಿನ ಸೆಮಿಸ್ಟರಿನಲ್ಲಿ ಎಚ್ಚರಿಸಿದವರು ಲ್ಯಾಬ್ ಅಟೆಂಡರ್, ಅದೂ ಆಮ್ಲ ಪೋಲಾಗುತ್ತಿದೆ ಎಂಬ ಸಂಕಟಕ್ಕೆ: "ಫ್ಲಾಸ್ಕಿಗೆ ನೀರೇ ಸಾಕು ಮಾರಾಯ, ಆಮ್ಲ ಏಕೆ ದಂಡ ಮಾಡುತ್ತೀಯ?"

ಫ್ಲಾಸ್ಕನ್ನು ಯಾವುದರಿಂದ ಜಾಲಿಸುತ್ತೀರಿ ಎಂದು ನೀವು ಬರೆದಿಲ್ಲ. ಮೊದಲು ಅದನ್ನು ನೋಡಿ. ಆಮೇಲೆ ಬ್ಯೂರೆಟ್ ಮೇಲಿನ ಆಲಿಕೆ. ಅದನ್ನು ತೆಗೆಯದಿದ್ದರೆ ನಡುವೆ ಹನಿ ಇಳಿದು ಲೆಕ್ಕ ತಪ್ಪುತ್ತದೆ. ಮೂತಿಯಲ್ಲಿ ಗಾಳಿಗುಳ್ಳೆ ಇರಬಾರದು. ಕಂದು ಬಣ್ಣ ಕಾಣಿಸಿದರೆ ಫ್ಲಾಸ್ಕಿಗೆ ಸೇರಿಸಿದ ಸಲ್ಫ್ಯೂರಿಕ್ ಆಮ್ಲ ಸಾಲದು ಅಥವಾ ನೀವು ಆತುರಪಟ್ಟಿದ್ದೀರಿ. ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೂ ಮೊದಲ ಹನಿಗಳ ಬಣ್ಣ ನಿಧಾನವಾಗಿಯೇ ಹೋಗುತ್ತದೆ, ಕಾಯಿರಿ. ಪರ್ಮಾಂಗನೇಟ್ ದಟ್ಟ ಬಣ್ಣದ್ದಾದ್ದರಿಂದ ಬ್ಯೂರೆಟ್‌ನಲ್ಲಿ ದ್ರವದ ಮೇಲಿನ ಅಂಚನ್ನೇ ಓದಿ. ಇನ್ನು ನಿಮ್ಮ ಗುಲಾಬಿ ಬಣ್ಣ: ಅದು ತಿಳಿಯಾಗಿ 30 ಸೆಕೆಂಡ್ ನಿಂತರೆ ಮುಗಿಯಿತು. ಆಮೇಲೆ ಮಾಸಿದರೆ ಮಾಸಲಿ, ಇನ್ನೊಂದು ಹನಿ ಹಾಕಬೇಡಿ.