ಮಂಚದ ಕೆಳಗಿನ ಡಬ್ಬಿ

ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿರುವ, ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಓದುಗರು ಬರೆದಿದ್ದಾರೆ: 'ಸಂಪಾದಕರೇ, ಸಂಚಿಕೆ ತೆರೆದರೆ ಸಾಕು, ರಾಗಿ, ನವಣೆ, ಸಾಮೆ ಎನ್ನುತ್ತೀರಿ. ನಾವು ಹಾಸ್ಟೆಲ್ ಹುಡುಗಿಯರು. ಸಂಜೆ ಹಸಿವಾದರೆ ಗೇಟಿನ ಎದುರಿನ ಗಾಡಿಯಲ್ಲಿ ಸಿಗುವುದು ಗೋಬಿ ಮಂಚೂರಿ, ಎಗ್ ರೈಸ್. ಅಂಗಡಿಯಲ್ಲಿ ನವಣೆ ಅಕ್ಕಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಪರಿಸರ ಉಳಿಸುವ ಭಾರವನ್ನೂ ನಮ್ಮ ತಟ್ಟೆಯ ಮೇಲೆಯೇ ಹೊರಿಸುತ್ತೀರಲ್ಲ, ಇದು ನ್ಯಾಯವೇ?' ಪತ್ರದ ತುದಿಯಲ್ಲಿ ಇನ್ನೆರಡು ಮಾತು: 'ಅಜ್ಜಿ ಹುರಿಹಿಟ್ಟು ಕಳಿಸುತ್ತಾರೆ. ಡಬ್ಬಿ ಮಂಚದ ಕೆಳಗಿದೆ. ಎಲ್ಲರೂ ಮಲಗಿದ ಮೇಲೆ ತಿನ್ನುತ್ತೇನೆ.'

ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕಿಲ್ಲ.

ಬೆಲೆಯ ವಿಷಯದಲ್ಲಿ ನಿಮ್ಮ ಮಾತು ನಿಜ. ಬೆಳೆದವನ ಹೊಲದಿಂದ ಅಗ್ಗಕ್ಕೆ ಹೊರಟ ಕಾಳು ಬಣ್ಣದ ಪೊಟ್ಟಣ ಸೇರುವಷ್ಟರಲ್ಲಿ ಬಡವರ ಕೈಗೆ ಸಿಗದಂತಾಗುತ್ತದೆ. ಹಾಸ್ಟೆಲಿನ ಅಡುಗೆಮನೆಯೂ ನಿಮ್ಮ ಕೈಯಲ್ಲಿಲ್ಲ. ಅಷ್ಟನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಎರಡು ದಿನ ನನ್ನನ್ನು ಕಾಡಿದ್ದು ಆ ಡಬ್ಬಿ.

ಎಲ್ಲರೂ ಮಲಗಿದ ಮೇಲೆ ಏಕೆ, ತಾಯಿ? ಚಿಪ್ಸ್ ಪೊಟ್ಟಣವನ್ನು ಹಾಡಹಗಲೇ ಪರ್ ಎಂದು ಹರಿಯಬಹುದು, ಅಜ್ಜಿಯ ಹುರಿಹಿಟ್ಟಿಗೆ ಮಾತ್ರ ಕತ್ತಲೆ ಬೇಕೇ? ಆ ಹಿಟ್ಟು ಆಗುವ ಬಗೆಯನ್ನು ನೀವು ನೋಡಿದ್ದೀರಿ ಎಂದುಕೊಂಡಿದ್ದೇನೆ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ಪಸೆ ಹಿಡಿಯುವಂತೆ ಮುಚ್ಚಿಟ್ಟು, ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಬೇಕು. ಸಾಸಿವೆಯಷ್ಟು ಕಾಳು ಚಟಪಟ ಸಿಡಿದು ಬಿಳಿಯ ಹೂವಾಗುತ್ತದೆ. ಒಂದು ಕ್ಷಣ ತಡವಾದರೆ ಸೀದು ಹೋಗುತ್ತದೆ. ಒಲೆಯ ಮುಂದೆ ಕೂತವರು ಅತ್ತಿತ್ತ ನೋಡುವಂತಿಲ್ಲ. ನನ್ನ ಅಜ್ಜಿ ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಬೀಸಿದ ಮೇಲೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಬೆಲ್ಲ, ಹಾಲು, ಒಂದು ಏಲಕ್ಕಿ ಇದ್ದರೆ ಸಾಕು, ಸೌದೆ ಬೇಡ, ಗ್ಯಾಸ್ ಬೇಡ. ಹಾಸ್ಟೆಲಿನವರಿಗಾಗಿಯೇ ಯಾರೋ ಯೋಚಿಸಿ ಮಾಡಿದಂತಿದೆ.

ವಿಜ್ಞಾನದ ವಿದ್ಯಾರ್ಥಿನಿಗೆ ಲೆಕ್ಕವೂ ಬೇಕಲ್ಲವೇ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ದಾಟಿದ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಇನ್ನು ನಿಮ್ಮ ಗೇಟಿನ ಎದುರಿನ ಗೋಬಿ. ಅದಕ್ಕೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು. ಅದೇ ಸರ್ಕಾರ ಶಾಲಾ ಮಕ್ಕಳ ಹಾಲಿಗೆ ರಾಗಿ ಮಾಲ್ಟ್ ಬೆರೆಸಲು ಶುರು ಮಾಡಿದ್ದೂ ಆ ವರ್ಷವೇ. ನಿಮ್ಮ ಅಜ್ಜಿಗೆ ಇದು ಯಾವ ಆದೇಶವೂ ಇಲ್ಲದೆ ಗೊತ್ತಿತ್ತು.

ನಾಚಿಕೆಯನ್ನು ನಿಮಗೆ ಕಲಿಸಿದವರು ನಾವು, ಹಿರಿಯರು. ಚಿತ್ರದುರ್ಗದಲ್ಲಿ ನಾನು ಓದುತ್ತಿದ್ದಾಗ ಅಮ್ಮ ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಡುತ್ತಿದ್ದರು. ಅಕ್ಕಿ ಅನ್ನ ತರುವ ಮಕ್ಕಳ ಎದುರು ಬುತ್ತಿ ಬಿಚ್ಚಲಾರದೆ ಶಾಲೆಯ ಹಿಂಗೋಡೆಯ ಮರೆಯಲ್ಲಿ ಕೂತು ತಿನ್ನುತ್ತಿದ್ದೆ. ನಮ್ಮ ಸೀಮೆಯಲ್ಲಿ ಅನ್ನ ಎಂದರೆ ಹಬ್ಬ. ಹಬ್ಬದ ಊಟ ದಿನದ ಊಟವಾಯಿತು, ದಿನದ ಊಟ ಬಡತನದ ಗುರುತಾಯಿತು. ಆ ಗೋಡೆಯ ಮರೆ ಇಂದು ಮಂಚದ ಕೆಳಗೆ ಬಂದಿದೆ ಎಂಬುದೇ ನನಗೆ ಸಂಕಟ.

ದಾವಣಗೆರೆಯವರಿಗೆ ಹೆಮ್ಮೆಯ ಬೆಣ್ಣೆದೋಸೆಯನ್ನೇ ನೋಡಿ. ಊರಿನಲ್ಲಿ ಹೇಳಿಕೊಂಡು ಬಂದ ಕಥೆಯ ಪ್ರಕಾರ, 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಮೊದಲು ಹುಯ್ದದ್ದು ರಾಗಿ ಹಿಟ್ಟಿನ ದೋಸೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಮೇಲೆ ಬೆಣ್ಣೆ ಸುರಿಯುವ ಪದ್ಧತಿ ಬಂದದ್ದು ಮಕ್ಕಳ ಕಾಲಕ್ಕೆ. ಬೆಣ್ಣೆದೋಸೆ ನನಗೂ ಇಷ್ಟ, ಬಿಡಿ ಎನ್ನುವವನು ನಾನಲ್ಲ. ಆದರೆ ಅದರ ಬೇರು ರಾಗಿಯಲ್ಲಿದೆ ಎಂದು ಗೆಳತಿಯರಿಗೆ ಒಮ್ಮೆ ಹೇಳಿ ನೋಡಿ.

ತಟ್ಟೆಯ ಮೇಲೆ ಪರಿಸರದ ಭಾರ ಎಂದಿರಿ. ಭಾರ ಹೊತ್ತಿರುವುದು ನೆಲ. ಹಿರಿಯೂರು ಬಳಿಯ ಮಾರಿಕಣಿವೆಯ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಪೂರ್ತಿಯಾಯಿತು. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ. ನಡುವೆ 89 ವರ್ಷ! ಇಂಥ ಮಳೆಯ ಸೀಮೆಯಲ್ಲಿ ನಮ್ಮ ಹಿರಿಯರು ಸಾಮೆ, ನವಣೆ, ಕೊರಲೆ, ಸಜ್ಜೆ ಬಿತ್ತಿದರು. ಎರಡು ಹದ ಮಳೆ ಸಿಕ್ಕರೆ ಕಾಳು ಕಟ್ಟುವ ಬೆಳೆಗಳು. ರಾಗಿಯ ಹೊಲದಲ್ಲಿ ಅಕ್ಕಡಿ, ಎಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಹಾಕುತ್ತಿದ್ದರು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು ಗಿಡ. ಅವರೆ, ತೊಗರಿಯ ಬೇರು ಭೂಮಿಗೆ ಸಾರಜನಕ ಕೊಡುತ್ತಿತ್ತು, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು, ರಾಗಿ ಹುಲ್ಲು ದನಕ್ಕೆ ಹೋಗುತ್ತಿತ್ತು. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು ಮನೆಗೆ ಬರುತ್ತಿದ್ದವು. ರಾತ್ರಿಗೆ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ. ಹೊಲವೇ ಊಟವಾಗಿತ್ತು. ಕಳೆನಾಶಕ ಹೊಡೆಯುವ ಹೊಲದಲ್ಲಿ ಆ ಸೊಪ್ಪುಗಳು ಎಲ್ಲಿ ಹುಟ್ಟಬೇಕು?

ಈಗ ದಾವಣಗೆರೆ ಸುತ್ತಿನ ಬೆದ್ದಲು ಹೊಲಗಳಲ್ಲಿ ಕಣ್ಣು ಹಾಯುವವರೆಗೂ ಮೆಕ್ಕೆಜೋಳ. ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ ಲಾರಿಗಟ್ಟಲೆ ಹೋಗುತ್ತದೆ. ಬೆಳೆದವನ ಮನೆಯಲ್ಲಿ ಪಡಿತರದ ಅಕ್ಕಿ ಬೇಯುತ್ತದೆ. ರೈತನನ್ನು ಬೈಯಲಾರೆ, ಮಾರುಕಟ್ಟೆ ತೋರಿಸಿದ ದಾರಿ ಅವನು ಹಿಡಿದ. ಬೈಯಬೇಕಾದದ್ದು ಇನ್ನೊಂದನ್ನು. ಸಾಮೆ, ಕೊರಲೆಯ ಸಿಪ್ಪೆ ಗಟ್ಟಿ. ಒರಳಿನಲ್ಲಿ ಕುಟ್ಟಿ ಕುಟ್ಟಿ ನಮ್ಮ ತಾಯಂದಿರ ಅಂಗೈ ಬೊಬ್ಬೆ ಬರುತ್ತಿತ್ತು. ಭತ್ತಕ್ಕೆ ಊರೂರಿಗೆ ಮಿಲ್ ಬಂದವು, ಈ ಕಾಳುಗಳಿಗೆ ದಶಕಗಳ ಕಾಲ ಯಾರೂ ಯಂತ್ರ ಕೊಡಲಿಲ್ಲ. ರಾಗಿಗೆ ಆ ಗಟ್ಟಿ ಸಿಪ್ಪೆಯ ಕಾಟವಿಲ್ಲ, ಅದು ಬದುಕಿಕೊಂಡಿತು. ಉಳಿದವನ್ನು ಹೆಂಗಸರು ಕೈಬಿಟ್ಟರೆ ತಪ್ಪು ಅವರದೇ? ಹೋಬಳಿಗೊಂದು ಸಣ್ಣ ಸಿಪ್ಪೆ ತೆಗೆಯುವ ಯಂತ್ರ ಇಡುವ ಬದಲು 2023ರಲ್ಲಿ, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು, ಎಲ್ಲೆಡೆ ಮೇಳ ಮಾಡಿದೆವು. ಅಂಥದೊಂದು ಮೇಳಕ್ಕೆ ನನ್ನನ್ನೂ ಕರೆದಿದ್ದರು. ವೇದಿಕೆಯ ಮೇಲೆ ಭೂಮಿತಾಯಿಯ ಮೇಲೆ ಭಾಷಣ, ಹಿಂದೆ ಫ್ಲೆಕ್ಸ್. ನವಣೆ ಬಿಸಿಬೇಳೆಬಾತ್ ಬಂದದ್ದು ಥರ್ಮೋಕೋಲ್ ತಟ್ಟೆಯಲ್ಲಿ. ಆ ತಟ್ಟೆಗಳ ಬಳಕೆಗೆ 2022ರ ಜುಲೈ 1ರಿಂದಲೇ ದೇಶದಾದ್ಯಂತ ನಿಷೇಧವಿತ್ತು. ಊಟ ಮುಗಿದ ಮೇಲೆ ಮೈದಾನದ ಮೂಲೆಯಲ್ಲಿ ಅವುಗಳ ರಾಶಿಗೆ ಒಬ್ಬರು ಬೆಂಕಿ ಹಚ್ಚಿದರು. ಕಪ್ಪು ಹೊಗೆ ಮಳಿಗೆಗಳ ಮೇಲೆಯೇ ಹಾದುಹೋಯಿತು. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಆದ್ದರಿಂದ ನೀವು ಊರು ಉದ್ಧಾರ ಮಾಡಿ ಎಂದು ನಾನು ಕೇಳುತ್ತಿಲ್ಲ. ಆ ಕೆಲಸಕ್ಕೆ ಸಂಬಳ ಪಡೆಯುವವರಿದ್ದಾರೆ. ನಾಳೆ ಸಂಜೆ ಆರು ಗಂಟೆಗೆ, ಎಲ್ಲರೂ ಕೋಣೆಯಲ್ಲಿರುವಾಗ, ಡಬ್ಬಿಯನ್ನು ಎತ್ತಿ ಮಂಚದ ಮೇಲೆ ಇಡಿ. ಮುಚ್ಚಳ ತೆಗೆಯಿರಿ. ಹುರಿಹಿಟ್ಟಿನ ಘಮಲು ಬಲ್ಲ ಹುಡುಗಿಯರು ಆ ಕೋಣೆಯಲ್ಲಿ ನೀವೊಬ್ಬರೇ ಆಗಿರಲಾರಿರಿ. ಹರಪನಹಳ್ಳಿಯವರೋ ಮೊಳಕಾಲ್ಮುರಿನವರೋ ಇದ್ದೇ ಇರುತ್ತಾರೆ, ಅವರ ಮಂಚದ ಕೆಳಗೂ ಏನಿದೆಯೋ ಕೇಳಿ.

ಇನ್ನೊಂದು. ರಾಗಿ ಅರಳಿಸುವಾಗ ನಿಮ್ಮ ಅಜ್ಜಿ ಮಜ್ಜಿಗೆ ಚಿಮುಕಿಸುತ್ತಾರೋ, ಬರೀ ನೀರೋ? ಎಷ್ಟು ಹೊತ್ತು ಮುಚ್ಚಿಡುತ್ತಾರೆ? ನಮ್ಮ ಮನೆಯಲ್ಲಿ ಈಗ ಹೇಳುವವರು ಉಳಿದಿಲ್ಲ. ಅವರನ್ನು ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಟ್ಟಿದ್ದೇನೆ. ಅಲ್ಲಿ ಅವರ ಹೆಸರು ಹಾಕಬಹುದೇ ಎಂದೂ ಕೇಳಿ.