ಕೆನಡಾದ ಸಣ್ಣ ಊರು ಮ್ಯಾಕ್ಸ್‌ವಿಲ್‌ನಲ್ಲಿ ಸ್ಕಾಟ್ಲೆಂಡಿನ ಹಬ್ಬ ಏಕೆ ನಡೆಯುತ್ತದೆ?

ಏಕೆಂದರೆ ಒಂಟಾರಿಯೊದ ಆ ಗ್ಲೆಂಗ್ಯಾರಿ ಪ್ರದೇಶದಲ್ಲಿ ನೆಲೆ ನಿಂತವರಲ್ಲಿ ಬಹಳಷ್ಟು ಮಂದಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರು. ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷರ ಪರ ನಿಂತು ಎಲ್ಲವನ್ನೂ ಕಳೆದುಕೊಂಡ ಕುಟುಂಬಗಳು 1784ರಲ್ಲಿ ಬಂದವು. 1786ರಲ್ಲಿ ಸ್ಕಾಟ್ಲೆಂಡಿನ ನಾಯ್ಡಾರ್ಟ್‌ನಿಂದ ಸುಮಾರು 500 ಜನ ತಮ್ಮ ಪಾದ್ರಿಯ ಜೊತೆ ಹಡಗು ಹತ್ತಿದರು. ಊರಿಗೆ ಊರೇ ಹೀಗೆ ಒಟ್ಟಿಗೆ ಬಂದದ್ದರಿಂದಲೇ ಗೇಲಿಕ್ ಮಾತು, ಹಾಡು, ಕುಣಿತ ತಲೆಮಾರುಗಳವರೆಗೆ ಉಳಿದವು ಎಂಬುದು ನನ್ನ ನಂಬಿಕೆ.

ಈ ಹಬ್ಬ, ಅಂದರೆ ಗ್ಲೆಂಗ್ಯಾರಿ ಹೈಲ್ಯಾಂಡ್ ಗೇಮ್ಸ್, ಶುರುವಾದದ್ದು 1948ರಲ್ಲಿ. ಉದ್ಘಾಟಿಸಿದವರು ಕೆನಡಾದ ಆಗಿನ ಪ್ರಧಾನಿ ಮೆಕೆಂಜಿ ಕಿಂಗ್. ಈಗಲೂ ಬೇಸಿಗೆಯಲ್ಲಿ, ಆಗಸ್ಟ್ ಆರಂಭದ ಹೊತ್ತಿಗೆ ನಡೆಯುತ್ತದೆ. ಬ್ಯಾಗ್‌ಪೈಪ್ ತಂಡಗಳ ಸ್ಪರ್ಧೆ, ಹೈಲ್ಯಾಂಡ್ ನೃತ್ಯ, ಪಿಟೀಲು ಎಲ್ಲ ಇರುತ್ತವೆ.

ನೋಡಲೇಬೇಕಾದದ್ದು ಕೇಬರ್ ಎಸೆತ. ತೆಂಗಿನ ಮರದಷ್ಟು ನೆಟ್ಟಗಿರುವ ದಿಮ್ಮಿಯ ಬುಡವನ್ನು ಅಂಗೈಯಲ್ಲಿ ಹಿಡಿದು, ಕಾಂಡವನ್ನು ಹೆಗಲಿಗೆ ಒರಗಿಸಿ, ನಾಲ್ಕು ಹೆಜ್ಜೆ ಓಡಿ ಮೇಲಕ್ಕೆ ಚಿಮ್ಮಿಸುತ್ತಾರೆ. ಎಷ್ಟು ದೂರ ಹೋಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ! ದಿಮ್ಮಿ ಲಾಗ ಹಾಕಿ, ಗಡಿಯಾರದ 12 ಗಂಟೆಯ ಮುಳ್ಳಿನಂತೆ ಎಸೆದವನ ನೇರಕ್ಕೆ ಬಿದ್ದರೆ ಪೂರ್ಣ ಅಂಕ.